ಬರ್ತೀನಿ ಅಂದ ಪಂಪಣ್ಣ

ಹೂಂ ಅನ್ನೋರು ಹತ್ತಿರ ಬನ್ನಿ, ಬೆಚ್ಚಿಬೀಳೋರು ಗೋಡೆಗೆ ಒರಗಿ ಕೂತ್ಕೊಳ್ಳಿ. ಬಳ್ಳಾರಿ ಕಡೆಯ ಒಂದೂರಲ್ಲಿ ಹುಲಿಗೆವ್ವ ಅಂತ ಒಬ್ಬಳು. ಅವಳ ಮಗ ಪಂಪಣ್ಣ. ವಯಸ್ಸು ಇಪ್ಪತ್ತೈದು, ಬುದ್ಧಿ ಇನ್ನೂ ತೊಟ್ಟಿಲಲ್ಲೇ. ಮಗಳು ಗಾಳೆಮ್ಮ ಬಲು ಚುರುಕು. ಅವಳಿಗೆ ಗಡಿಯಾಚೆಯ ತೆಲುಗರ ಮನೆಯಿಂದ ಒಳ್ಳೆ ಸಂಬಂಧ ಬಂದಿತ್ತು. ಈ ಮದುವೆಯೊಂದು ಆಗಿಬಿಡಲಿ ಅಂತ ಹುಲಿಗೆವ್ವ ಕಂಡ ದೇವರಿಗೆಲ್ಲ ಕೈ ಮುಗೀತಿದ್ದಳು.

ಬೀಗರಿಗೆ ಬಾಳೆಗೊನೆ ಕೊಟ್ಟು ಬಾ ಅಂತ ಮಗನನ್ನು ಕಳಿಸಿದಳು. ಕೊಟ್ಟ, ಉಂಡ, ಹೊಸಿಲ ಮೇಲೆ ನಿಂತು, "ಅತ್ತೇ, ನಾನು ಹೋದೆ!" ಅಂದ.

ಬೀಗಿತಿ ಓಬುಳಮ್ಮ ಎದೆ ಹಿಡಕೊಂಡಳು. "ಅಮ್ಮೋ! ಶುಭಕಾರ್ಯದ ಮನೇಲಿ ಹೋದೆ ಅಂತಾನೆ! ಇನ್ನೊಂದು ಸಲ ಇಂಥ ಅಪಶಕುನ ನುಡಿದರೆ ಈ ಸಂಬಂಧವೇ ಬೇಡ!"

ಸುದ್ದಿ ಕೇಳಿ ಹುಲಿಗೆವ್ವ ಮಗನ ಕಿವಿ ಹಿಂಡಿದಳು. "ಮಂಕೇ! ಹೋಗುವಾಗ ಬರ್ತೀನಿ ಅನ್ನಬೇಕು ಕಣೋ!"

"ಆಗಲಿ ಅವ್ವಾ."

ಮರುದಿನ ಮರಾಠಿ ಸಿಂಪಿಗರ ಗಣಪತರಾಯನಿಗೆ ಮದುವೆ ರವಿಕೆಯ ಬಟ್ಟೆ ಕೊಟ್ಟು, "ಬರ್ತೀನಿ" ಅಂದ. ಮೆಟ್ಟಿಲಿಳಿದ, ತಿರುಗಿ ಬಂದ.

"ಏನೋ?"

"ಬರ್ತೀನಿ ಅಂದಿದ್ದೆನಲ್ಲ, ಬಂದೆ! ಬರ್ತೀನಿ."

ಇಳಿದ, ಬಂದ. ಇಳಿದ, ಬಂದ. ಆರನೇ ಸಲ ಬಂದಾಗ ಗಣಪತರಾಯ ಬೆಚ್ಚಿಬಿದ್ದು ರವಿಕೆಯ ತೋಳನ್ನೇ ಕತ್ತರಿಸಿಬಿಟ್ಟ.

"ಅಯ್ಯೋ ಹುಚ್ಚಪ್ಪಾ!" ಮನೇಲಿ ಹುಲಿಗೆವ್ವ ಬೈದಳು. "ಒಂದು ಸಲ ಅಂದು ನೆಟ್ಟಗೆ ಮನೆಗೆ ಬಾರೋ! ಲೋಕವೆಲ್ಲ ಹಾಗೇ ಅನ್ನುತ್ತೆ. ಮರಾಠಿಯವರು ಯೇತೋ ಅಂತಾರೆ, ತೆಲುಗರು ವಸ್ತಾನು, ತಮಿಳರು ವರೇನ್. ಯಾರ ಮನೆಗೆ ಹೋದರೆ ಅವರ ಮಾತಲ್ಲಿ ಹೇಳು, ಖುಷಿಪಡ್ತಾರೆ."

"ಆಗಲಿ ಅವ್ವಾ."

ಅದೇ ವಾರ ಬೀದಿ ತುದಿಯ ತಮಿಳು ಅಜ್ಜ ತೀರಿಕೊಂಡ. ಹುಲಿಗೆವ್ವ ಮಗನ ಕೈಲಿ ಹಾರ ಕಳಿಸಿದಳು. ಅಲ್ಲಿ ನೋಡಿದರೆ ಎಲ್ಲ ಭಾಷೆಯವರೂ ಸೇರಿದ್ದಾರೆ! ಯಾರಿಗೂ ಬೇಜಾರಾಗಬಾರದು ಅಂತ ಪಂಪಣ್ಣ ಹೆಣದ ಮುಂದೆ ನಿಂತು ಗಟ್ಟಿಯಾಗಿ ಕೂಗಿದ: "ವರೇನ್! ವಸ್ತಾನು! ಯೇತೋ! ಬರ್ತೀನಿ!"

ಅಳು ಗಕ್ಕನೆ ನಿಂತಿತು. "ನೀನು ಮತ್ತೆ ಬರೋಕೆ ಇನ್ಯಾರು ಸಾಯಬೇಕೋ?" ಅಂತ ಅಜ್ಜಿ ಚೀರಿ ಮೂರ್ಛೆ ಹೋದಳು.

"ನನ್ನ ಕರ್ಮವೇ!" ಹುಲಿಗೆವ್ವ ಹಣೆ ಚಚ್ಚಿಕೊಂಡಳು. "ಜನ ಅಳೋ ಕಡೆ ಬರ್ತೀನಿ ಅಂತಾರೇನೋ! ಬಾಯಿ ಮುಚ್ಚಿಕೊಂಡು ಎದ್ದು ಬರಬೇಕು, ತಲೆ ಮೇಲೆ ನೀರು ಹುಯ್ಕೋಬೇಕು!"

"ಆಗಲಿ ಅವ್ವಾ."

ಹೇಗೋ ಮದುವೆ ಆಯಿತು. ಹೆಣ್ಣೊಪ್ಪಿಸುವ ಹೊತ್ತು ಬಂತು. ತಾಯಿ ಅಳ್ತಾಳೆ, ಮಗಳು ಅಳ್ತಾಳೆ, ನೋಡಿ ನೋಡಿ ಓಬುಳಮ್ಮನೂ ಕಣ್ಣೊರೆಸಿಕೊಳ್ತಾಳೆ.

"ಅವ್ವಾ, ಬರ್ತೀ..." ಅಂದಳು ಗಾಳೆಮ್ಮ. ಪಂಪಣ್ಣ ಓಡಿಬಂದು ಅವಳ ಬಾಯಿ ಮುಚ್ಚಿದ.

"ವಸ್ತಾ..." ಅಂದ ಮದುಮಗ. ಇನ್ನೊಂದು ಕೈಯಿಂದ ಅವನ ಬಾಯಿ ಮುಚ್ಚಿದ.

"ಜನ ಅಳೋ ಕಡೆ ಆ ಮಾತಾ!" ಅಂದವನೇ ಅಡುಗೆಯವರ ಕೊಡ ಎತ್ತಿ ಹೆಣ್ಣುಗಂಡಿನ ತಲೆ ಮೇಲೆ ದಬದಬ ಸುರಿದ. ಬಾಸಿಂಗ ಜಾರಿ ಕೊರಳಿಗೆ ಬಿತ್ತು. ವಾಲಗದವರು ಬಾಯಿಂದ ವಾಲಗ ತೆಗೆದರು. ಓಬುಳಮ್ಮ ಕಿಟಾರನೆ ಕಿರುಚಿದಳು.

"ನೀವೂ ಅತ್ತಿರಲ್ಲ ಅತ್ತೇ!" ಅಂತ ಅವಳಿಗೂ ಒಂದು ಕೊಡ.

ಸಂಬಂಧ ಮುರಿದೇಹೋಯಿತು ಅಂತ ಹುಲಿಗೆವ್ವ ಕುಸಿದಳು. ಓಬುಳಮ್ಮ ಮಾತ್ರ ತೊಟತೊಟ ತೊಟ್ಟಿಕ್ಕುತ್ತಾ ಸೊಸೆಯ ರಟ್ಟೆ ಹಿಡಿದು ಎಳೆದಳು: "ಬೇಗ ಗಾಡಿ ಹತ್ತೇ ತಾಯಿ! ನೀರು ಹುಯ್ದಾಯಿತು, ಇನ್ನು ಇಲ್ಲಿದ್ದರೆ ಬೆಂಕಿನೂ ಇಡ್ತಾನೆ!"

ಮಗಳು ಗಂಡನ ಮನೆ ಸೇರಿದಳಪ್ಪಾ ಅಂತ ಹುಲಿಗೆವ್ವ ಸಮಾಧಾನಕ್ಕೆ ಗೋಳೋ ಅಂತ ಅತ್ತಳು.

"ಅಯ್ಯೋ, ಅವ್ವ ಒಬ್ಬಳು ಉಳಿದುಬಿಟ್ಟಳಲ್ಲ!" ಅಂತ ಪಂಪಣ್ಣ ಮೂರನೇ ಕೊಡ ಎತ್ತಿದ.