ಅರೆಚಾಪೆ ಕೆರೆ

ಸೂಲದೇನಹಳ್ಳಿಯ ಮೂಡಣಕ್ಕೆ, ಎರಡು ಬೋಳುಗುಡ್ಡಗಳ ನಡುವೆ ಏರಿ ಕಟ್ಟಿ ನೀರು ನಿಲ್ಲಿಸಿದ ಕೆರೆಯೊಂದಿದೆ. ಇಲಾಖೆಯವರು ನೆಟ್ಟ ಹಲಗೆಯಲ್ಲಿ ಅದು ಸೂಲದೇನಹಳ್ಳಿ ದೊಡ್ಡಕೆರೆ. ಆ ಹೆಸರು ಹಿಡಿದು ದಾರಿ ಕೇಳಿದವರು ಸುತ್ತಲ ಊರುಗಳಲ್ಲಿ ಅಲೆಯುವುದೇ ಹೆಚ್ಚು, ಏಕೆಂದರೆ ಜನರ ಬಾಯಲ್ಲಿ ಅದು ಅರೆಚಾಪೆ ಕೆರೆ. ಏರಿಯ ಮೇಲೆ ನಿಂತರೆ ನೀರಿಗಿಂತ ಮೊದಲು ಕಣ್ಣಿಗೆ ಬೀಳುವುದು ಜೇಕು. ತೂಬಿನ ಎರಡೂ ಬದಿಗೆ, ಏರಿಯ ಬುಡದುದ್ದಕ್ಕೂ, ಆಳೆತ್ತರಕ್ಕೆ ಒತ್ತಾಗಿ ನಿಂತಿರುತ್ತದೆ. ಗಾಳಿ ಬೀಸಿದಾಗ ಅದೆಲ್ಲ ಒಂದೇ ಕಡೆಗೆ ಬಾಗಿ, ಒಂದೇ ಸಲ ನೆಟ್ಟಗಾಗುತ್ತದೆ.

ಜೇಕನ್ನು ಹುಲ್ಲು ಎಂದು ಕರೆಯುವವರೇ ಬಹಳ. ಅದು ಹುಲ್ಲಲ್ಲ. ಹುಲ್ಲಿನ ಕಡ್ಡಿ ಉರುಟಾಗಿ, ಗೆಣ್ಣುಗೆಣ್ಣಾಗಿ, ಒಳಗೆ ಟೊಳ್ಳಾಗಿರುತ್ತದೆ. ಜೇಕಿನ ಕಡ್ಡಿಗೆ ಗೆಣ್ಣಿಲ್ಲ, ಒಳಗೆ ಬೆಂಡು ತುಂಬಿದೆ, ಬೆರಳ ನಡುವೆ ಹೊರಳಿಸಿದರೆ ಮೂರು ಏಣು ಕೈಗೆ ಹತ್ತುತ್ತವೆ. ಎಲೆಗಳೂ ಬುಡದಿಂದ ಮೂರು ಸಾಲಾಗಿಯೇ ಹೊರಡುತ್ತವೆ. ನೆತ್ತಿಯಲ್ಲಿ ಕೊಡೆಯ ಕಡ್ಡಿಗಳಂತೆ ಎಸಳುಗಳು ಬಿಚ್ಚಿಕೊಂಡು, ಅವುಗಳ ನಡುವೆ ಕಂದು ಬಣ್ಣದ ಚಪ್ಪಟೆ ತೆನೆಗಳು ಹುಟ್ಟುತ್ತವೆ. ಸಸ್ಯಶಾಸ್ತ್ರದಲ್ಲಿ ಈ ಕುಲಕ್ಕೆ ಸೈಪರಸ್ ಎಂದು ಹೆಸರು. ಬಿಸಿಲಿನ ದೇಶಗಳಲ್ಲೆಲ್ಲ, ಕೆರೆಯ ಅಂಚು, ಹೊಳೆಯ ಮರಳು, ಗದ್ದೆಯ ಬದು, ಕಡಲ ಹಿನ್ನೀರು, ಹೀಗೆ ಕಾಲು ಒದ್ದೆಯಾಗುವ ಕಡೆ ಇದರ ಒಂದಲ್ಲ ಒಂದು ಜಾತಿ ಇದ್ದೇ ಇರುತ್ತದೆ. ಈಜಿಪ್ಟಿನವರು ಕಾಗದ ಮಾಡಿದ ಪ್ಯಾಪಿರಸ್ ಕೂಡ ಇದೇ ಕುಲದ್ದು. ನಾನು ಈ ಊರಿನ ಗೌಡರ ಮನೆಗೆ ಸೊಸೆಯಾಗಿ ಬಂದ ವರ್ಷವೇ ಕೆರೆಯಂಗಳದ ಜೇಕುಗಳನ್ನು ಒತ್ತಿ ಒಣಗಿಸಿ, ಹೆಸರು ಬರೆದು ಇಟ್ಟಿದ್ದೇನೆ. ಅವುಗಳಲ್ಲಿ ಎರಡರ ಬೇರನ್ನು ಓದುಗರು ತಿಳಿದಿರಬೇಕು. ಹೊಲದಲ್ಲಿ ಬೆಳೆಯುವ ಕೊನ್ನಾರಿಗೆ ಮಣ್ಣಿನೊಳಗೆ ಗಡ್ಡೆಗಳಿರುತ್ತವೆ. ಕಿತ್ತಷ್ಟೂ ಗಡ್ಡೆ ಉಳಿದು ವಾರದೊಳಗೆ ಮತ್ತೆ ಚಿಗುರುತ್ತದೆ. ಕೆರೆಯ ಚಾಪೆಜೇಕಿಗೆ ಅಂಥ ಗಡ್ಡೆಯಿಲ್ಲ. ಅದರ ಬೇರುಕಾಂಡ ಕೆಸರಿನಲ್ಲಿ ಅಡ್ಡಡ್ಡ ಹರಿದು, ಒಂದರೊಳಗೊಂದು ಹೆಣೆದುಕೊಂಡು, ಮಣ್ಣನ್ನು ಬಲೆಯಂತೆ ಹಿಡಿದಿರುತ್ತದೆ. ಮೇಲೆ ಕೊಯ್ದರೆ ಅದಕ್ಕೆ ನಷ್ಟವಿಲ್ಲ. ಬೇರುಸಹಿತ ಕಿತ್ತರೆ ಆ ಜಾಗ ವರ್ಷಗಟ್ಟಲೆ ಬೋಳಾಗಿಯೇ ಇರುತ್ತದೆ.

ಹಿಂದೆ ಒಮ್ಮೆ, ಈ ಸೀಮೆಗೆ ಪಾಳೆಯಗಾರರು ಇದ್ದ ಕಾಲದಲ್ಲಿ, ಏರಿಯ ಕೆಳಗೆ ಚಾಪೆ ಹೆಣೆಯುವವರ ಕೇರಿಯೊಂದಿತ್ತು ಎನ್ನುತ್ತಾರೆ. ಅಲ್ಲಿ ಮಂಚವ್ವ ಎಂಬ ವಿಧವೆ, ಸಣ್ಣೀರಿ ಎಂಬ ಒಬ್ಬಳೇ ಮಗಳೊಂದಿಗೆ ಇದ್ದಳು. ಮಂಚವ್ವನ ತಮ್ಮ ಮುದ್ದಬೋರ ಕೆರೆಯ ನೀರಗಂಟಿ. ತೂಬು ಎತ್ತಿ ಇಳಿಸುವುದು, ಏರಿ ಕಾಯುವುದು ಅವನ ಕೆಲಸ. ಮದುವೆಯಾಗದ ಅವನು ಅಕ್ಕನ ಮನೆಯಲ್ಲೇ ಉಂಡು, ಸೋದರಸೊಸೆ ಸಣ್ಣೀರಿಯನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ್ದ. ಆ ಕೇರಿಯಲ್ಲಿ ಒಂದು ಕಟ್ಟಳೆಯಿತ್ತು. ಗಂಡನ ಮನೆಗೆ ಹೋಗುವ ಹುಡುಗಿ ತನ್ನ ಚಾಪೆಯನ್ನು ತಾನೇ ಹೆಣೆಯಬೇಕು, ಅದರ ಅಂಚು ಬಿಳಿಯಾಗಿರಬೇಕು. ಒಮ್ಮೆ ತೊಡಗಿದ ಮದುವೆಯ ಚಾಪೆಯನ್ನು ಮುಗಿಸದೆ ಅಂಥ ಇನ್ನೊಂದನ್ನು ತೊಡಗುವಂತಿಲ್ಲ. ಆ ಬಿಳಿ ಬಣ್ಣ ಹಚ್ಚಿದ್ದಲ್ಲ. ಕೆಸರಿನೊಳಗೆ ಬಿಸಿಲು ಕಾಣದೆ ಬೆಳ್ಳಗಿರುವ ಕಡ್ಡಿಯ ಬುಡದಿಂದ ಬರುವಂಥದು, ಗಿಡವನ್ನು ಬೇರುಸಹಿತ ಕಿತ್ತರೆ ಮಾತ್ರ ಸಿಗುವಂಥದು. ಅದಕ್ಕೆಂದು ಕೆರೆಯ ನಡುವಿನ ಜೇಕಿನ ಹಾಸನ್ನು ಮೀಸಲಿಟ್ಟಿದ್ದರು. ಏರಿಯ ಬುಡದ್ದನ್ನು ಕೊಯ್ಯಬಹುದು, ಕೀಳಕೂಡದು. ಇನ್ನು ಬಿಳಿ ಅಂಚಿಲ್ಲದ ಚಾಪೆಯನ್ನು ಹೆಣೆಯುತ್ತಿದ್ದದ್ದು ಸತ್ತವರನ್ನು ಮಲಗಿಸುವುದಕ್ಕೆ.

ಸಣ್ಣೀರಿಗೆ ಹೊಳೆಸಾಲಿನ ಕಡೆ ಗಂಡು ಗೊತ್ತಾಯಿತು. ಆ ವರ್ಷ ಮುಂಗಾರು ಕೈಕೊಟ್ಟು ಕೆರೆಯ ನಡುವೆ ನೆಲ ಬಾಯಿಬಿಟ್ಟಿತ್ತು. ಅಲ್ಲಿನ ಜೇಕು ಮೊಳದುದ್ದಕ್ಕೇ ಸೊರಗಿ ನಿಂತಿತ್ತು. ತೂಬಿನ ಮಗ್ಗುಲಲ್ಲಿ ಉಳಿದಿದ್ದ ಒಂದಿಷ್ಟು ನೀರಿನಲ್ಲಿ, ಏರಿಯ ಬುಡದ ಜೇಕು ಮಾತ್ರ ಎಂದಿನಂತೆ ಆಳೆತ್ತರ ಬೆಳೆದಿತ್ತು. ಚಾಪೆ ನೋಡಲು ಬಂದ ಬೀಗಿತಿ ಕೆಂಪಾಜಿ ಇನ್ನೂ ತೊಡಗದ ಮಗ್ಗವನ್ನು ನೋಡಿ, "ಏನವ್ವ ಮಂಚವ್ವ, ನಿಮ್ಮ ಕಡೆ ಹೆಣ್ಣನ್ನ ಬರಿ ನೆಲದ ಮೇಲೆ ಕೂರಿಸಿ ಕಳಿಸ್ತೀರೋ? ಅಂಚಿಲ್ಲದ್ದು ತಂದರೆ ಜೋಪಾನವಾಗಿ ಎತ್ತಿಡ್ತೀನಿ. ನಮ್ಮತ್ತೆಗೆ ವಯಸ್ಸಾಗಿದೆ, ಬೇಕಾಗ್ತದೆ," ಎಂದು ನಕ್ಕಳಂತೆ. ಕೇರಿಯ ಹೆಂಗಸರೂ ನಕ್ಕರು. ಮಂಚವ್ವ ನಗಲಿಲ್ಲ.

ಮರುದಿನ ಅವಳು ತಮ್ಮನ ಎದುರಿಗೇ ತೂಬಿನ ಮಗ್ಗುಲಿಗೆ ಇಳಿದಳು. "ಅಕ್ಕಯ್ಯ, ಕೊಯ್ಕೋ. ಕೀಳಬೇಡ," ಎಂದ ಮುದ್ದಬೋರ. "ಒಂದು ಚಾಪೆ ಅಗಲದಷ್ಟು ಕಣೋ. ಜೇಕು ಸಾಯೋ ಜಾತಿಯಾ? ನಮ್ಮಪ್ಪ ಹೊಲದಲ್ಲಿ ಅದನ್ನ ಕಿತ್ತೂ ಕಿತ್ತೂ ಸತ್ತ, ಅದು ಸಾಯಲಿಲ್ಲ," ಎಂದಳು ಅವಳು. ಹೊಲದ ಜೇಕು ಬೇರೆ, ಕೆರೆಯ ಜೇಕು ಬೇರೆ ಎಂದು ಅವಳಿಗೆ ತೋಚಲಿಲ್ಲ. ಹುಟ್ಟಿದಂದಿನಿಂದ ಎರಡನ್ನೂ ಒಂದೇ ಹೆಸರಿನಿಂದ ಕರೆದವಳು. ಮುದ್ದಬೋರನಿಗೆ ಅನುಮಾನವಿತ್ತು ಎನ್ನುತ್ತಾರೆ. ಆದರೆ ಸೊಸೆಯ ಮದುವೆ. ಅವನು ಸಲಿಕೆ ಎತ್ತಿಕೊಂಡು ಕೋಡಿಯ ಕಡೆಗೆ ಹೋದ. ಅಲ್ಲಿ ಅವನಿಗೆ ಆ ಹೊತ್ತು ಏನೂ ಕೆಲಸವಿರಲಿಲ್ಲ.

ಸಣ್ಣೀರಿ ಕಡ್ಡಿಯನ್ನು ಏಣಿನ ಗುಂಟ ಸೀಳಿ, ಒಣಗಿಸಿ, ಚಾಪೆ ತೊಡಗಿದಳು. ಬಿಳಿ ಅಂಚು ಒಂದು ಮಗ್ಗುಲಿನಿಂದ ಏರಿ ಬಂದು ಚಾಪೆ ಅರ್ಧಕ್ಕೆ ನಿಂತಿದ್ದಾಗ ಹಿಂಗಾರು ಹಿಡಿಯಿತು. ಮುಂಗಾರಿನ ಬಾಕಿಯನ್ನೂ ಸೇರಿಸಿದಂತೆ ಮಳೆ ಹೊಯ್ದು, ನೋಡುನೋಡುತ್ತ ಕೆರೆ ತುಂಬಿತು. ಊರು ಸಂತೋಷಪಟ್ಟಿತು. ಏರಿಯ ಬುಡದ ಆ ಬೋಳುಜಾಗ ನೀರಿನಡಿ ಸೇರಿತು. ಅಲೆ ಬಡಿದು ಬಡಿದು, ಹಿಡಿತವಿಲ್ಲದ ಮಣ್ಣು ಒಳಗೊಳಗೇ ಕರಗಿತು. ಒಂದು ಬೆಳಗ್ಗೆ ಏರಿಯ ಹೊರಮೈಯಲ್ಲಿ ನೀರು ಜಿನುಗುವುದನ್ನು ಮುದ್ದಬೋರ ಕಂಡ. ಊಟದ ಹೊತ್ತಿಗೆ ಜಿನುಗು ಕೆಂಪಾಗಿ, ತೋಳಿನ ಗಾತ್ರ ಚಿಮ್ಮತೊಡಗಿತು. ಕೆಂಪಾದರೆ ಏರಿಯ ಮಣ್ಣೇ ಹೊರಟಿದೆ ಎಂದರ್ಥ. ಅದು ಎಲ್ಲಿಂದ ಹೊರಟಿದೆ ಎಂದು ಅವನು ಯಾರನ್ನೂ ಕೇಳಬೇಕಾಗಿರಲಿಲ್ಲ. ಊರಿಗೆ ಊರೇ ಬುಟ್ಟಿ ಹಿಡಿದು ಬಂತು. ಸುರಿದ ಮಣ್ಣನ್ನೆಲ್ಲ ನೀರು ನುಂಗುತ್ತಿತ್ತು. ಒಳಮೈಯಲ್ಲಿ ನೀರು ಕೊರೆದ ಬಿಲದ ಬಾಯಿಗೆ ಏನನ್ನಾದರೂ ಅಡ್ಡ ಹಾಸಿ, ಅದರ ಮೇಲೆ ಜೇಡಿಮಣ್ಣು ಒತ್ತಬೇಕು. ಕೇರಿಯ ಚಾಪೆಗಳೆಲ್ಲ ಹಿಂದಿನ ವಾರದ ಸಂತೆಗೆ ಹೋಗಿದ್ದವು. ಸಣ್ಣೀರಿ ಓಡಿಹೋಗಿ, ಮಗ್ಗದ ಹಗ್ಗ ಕತ್ತರಿಸಿ, ತನ್ನ ಅರೆಚಾಪೆಯನ್ನು ತಂದು ಸೋದರಮಾವನ ಕೈಗೆ ಕೊಟ್ಟಳು. "ತಪ್ಪು ತಿಳಿಬೇಡ ಕೂಸೆ, ಒದ್ದೆ ಮಾಡ್ತೀನಿ," ಎಂದು ಹೇಳಿ ಅವನು ಮುಳುಗಿದ.

ಸ್ವಲ್ಪ ಹೊತ್ತಿಗೆ ಹೊರಗಿನ ನೀರು ಸಣ್ಣದಾಯಿತು. ಜನ ಕೇಕೆ ಹಾಕಿ ಕುಣಿದರು. ಮುದ್ದಬೋರ ಮೇಲೆ ಬರಲಿಲ್ಲ. ಇಬ್ಬರು ಮುಳುಗಿ ನೋಡಿದರು. ಬಿಲ ಚಾಪೆಯನ್ನು ಎಳೆದುಕೊಂಡಿತ್ತು, ಚಾಪೆಯೊಂದಿಗೆ ಅವನ ತೋಳನ್ನು ಹೆಗಲತನಕ ಎಳೆದುಕೊಂಡಿತ್ತು. ಅವನನ್ನು ಹಿಡಿದು ಜಗ್ಗಿದರೆ ಚಾಪೆ ಸಡಿಲವಾಗುತ್ತಿತ್ತು. ಅವರು ಜಗ್ಗಿದಾಗಲೆಲ್ಲ ಹೊರಗೆ ನೀರು ಭೋರ್ಗರೆಯುತ್ತಿತ್ತು. ಏರಿಯ ಕೆಳಗೆ ಕೇರಿ, ಕೇರಿಯ ಕೆಳಗೆ ಊರು, ಬಾಣಂತಿಯರು, ಮುದುಕರು, ಕಟ್ಟಿದ ದನ. ಮುಳುಗಿದ್ದವನೊಬ್ಬ ತಲೆಯೆತ್ತಿ, "ಅವನನ್ನ ತೆಗೆದರೆ ಚಾಪೆ ಬರ್ತದೆ. ಏನು ಮಾಡೋಣ?" ಎಂದು ಕೂಗಿದ. ಅಷ್ಟು ಹೊತ್ತಿಗೆ ಮುದ್ದಬೋರನ ಉಸಿರು ನಿಂತಿತ್ತೆಂದು ಕೆಲವರು, ಇನ್ನೂ ಕಾಲು ಆಡುತ್ತಿತ್ತೆಂದು ಕೆಲವರು ಹೇಳುತ್ತಾರೆ. ಉತ್ತರ ಕೊಟ್ಟವನು ಊರಗೌಡ ಎಂಬುದು ನಮ್ಮ ಮನೆತನದವರ ಮಾತು. ಕೇರಿಯ ಹೆಂಗಸರು ಹಾಗೆ ಹೇಳುವುದಿಲ್ಲ. ನಾನು ಮನೆತನದ ಮಾತನ್ನು ಪಕ್ಕಕ್ಕಿಟ್ಟು ಅವರದನ್ನೇ ಬರೆಯುತ್ತಿದ್ದೇನೆ. ಗೌಡ ಮಂಚವ್ವನ ಮುಖ ನೋಡಿದ. ಅವಳು ತುಂಬ ಹೊತ್ತು ತೆಗೆದುಕೊಳ್ಳಲಿಲ್ಲ. "ಮಣ್ಣು ಹಾಕಿ," ಎಂದಳು. ಮೊದಲ ಬುಟ್ಟಿಯನ್ನು ತಾನೇ ಸುರಿದಳು.

ಏರಿ ನಿಂತಿತು. ಸೂತಕ ಕಳೆದ ಮೇಲೆ ಕೆಂಪಾಜಿ ತಾನಾಗಿ ಬಂದು ಮಂಚವ್ವನ ಜಗುಲಿಯ ಮೇಲೆ ಕುಳಿತು, "ಚಾಪೆ ಬೇಡ, ಏನೂ ಬೇಡ. ಹುಡುಗೀನ ಕಳಿಸಿಕೊಡು ತಾಯಿ," ಎಂದು ಕೇಳಿದಳು. ಉತ್ತರ ಬಂದದ್ದು ಒಳಗಿನಿಂದ, ಸಣ್ಣೀರಿಯಿಂದ. "ತೊಡಗಿದ್ದು ಮುಗೀಬೇಕಲ್ಲ ಅತ್ತೆ. ಅದನ್ನ ನಮ್ಮ ಮಾವ ಹಿಡ್ಕೊಂಡವ್ನೆ. ಬಿಡಿಸಿಕೊಂಡು ಬರಲಾ?" ಕೆಂಪಾಜಿ ಸೆರಗಿನಿಂದ ಮುಖ ಮುಚ್ಚಿಕೊಂಡು ಎದ್ದುಹೋದಳು. ಆ ಮದುವೆ ನಡೆಯಲಿಲ್ಲ. ಬೇರೆ ಮದುವೆಯೂ ನಡೆಯಲಿಲ್ಲ. ಸಣ್ಣೀರಿ ಮಾವನ ಸಲಿಕೆ ಹಿಡಿದು ನೀರಗಂಟಿಯ ಕೆಲಸಕ್ಕೆ ನಿಂತಳು. ಬೋಳುಜಾಗಕ್ಕೆ ಕೆರೆಯ ನಡುವಿನಿಂದ ಬೇರು ತಂದು ತಂದು ನೆಟ್ಟಳು. ಅದು ಹಿಡಿಯುವಷ್ಟರಲ್ಲಿ ಅವಳ ತಲೆ ನರೆಯತೊಡಗಿತ್ತು ಎನ್ನುತ್ತಾರೆ. ಮಂಚವ್ವ ಮತ್ತೆ ಮಗ್ಗದ ಮುಂದೆ ಕೂರಲಿಲ್ಲ. ಅವಳು ಸತ್ತಾಗ ಮಗಳು ಅಂಚಿಲ್ಲದ ಚಾಪೆಯೊಂದನ್ನು ಹೆಣೆದು ಅವಳನ್ನು ಮಲಗಿಸಿದಳು. ಆ ಚಾಪೆಗೆ ಕಟ್ಟಳೆಯ ಅಡ್ಡಿ ಇರಲಿಲ್ಲ.

ಈಗ ಕೇರಿಯಲ್ಲಿ ಮಗ್ಗ ಉಳಿದಿರುವುದು ಕೆಲವೇ ಮನೆಗಳಲ್ಲಿ. ಕೆರೆ ನೋಡಲು ಬಂದವರು ಅಲ್ಲಿಗೂ ಒಂದು ಸುತ್ತು ಹೋಗುತ್ತಾರೆ. ಮದುವೆಯ ಚಾಪೆಯನ್ನು ಬಿಡಿಸಿ ತೋರಿಸುವಂತೆ ಕೇಳುತ್ತಾರೆ. ಬೆಣ್ಣೆಯಂಥ ಬಿಳಿ ಅಂಚು ಒಂದು ಮಗ್ಗುಲಲ್ಲಿ ನೆಟ್ಟಗೆ ಬಂದು, ಅರ್ಧದಲ್ಲಿ ನಿಂತುಹೋಗಿರುತ್ತದೆ. ಅಲ್ಲಿಂದಾಚೆ ಬರೀ ಹಸಿರು ಕಡ್ಡಿ. ಬಂದವರು ಚೌಕಾಸಿಗೆ ಒಂದು ನೆಪ ಸಿಕ್ಕಿತೆಂದುಕೊಂಡು, "ಇದನ್ಯಾಕೆ ಪೂರ್ತಿ ಮಾಡಿಲ್ಲ?" ಎಂದು ಕೇಳುತ್ತಾರೆ. ಹೆಣೆಯುತ್ತಿರುವ ಹೆಂಗಸು ಕೈ ನಿಲ್ಲಿಸುವುದಿಲ್ಲ.

"ಮಿಕ್ಕಿದ್ದು ಕೆರೇಲಿದೆ," ಎನ್ನುತ್ತಾಳೆ.