ಗಾಳಿ ಹೋದ ದಾರಿ

ನದಿಯ ದಡದಲ್ಲಿ ಒಂದು ಆಶ್ರಮ. ಆಶ್ರಮಕ್ಕೆ ಹೋಗುವ ತಿರುವಿನಲ್ಲಿ ಒಂದು ತಗಡಿನ ಗ್ಯಾರೇಜು. ಗ್ಯಾರೇಜಿನ ಗುರು ದಸ್ತಗೀರ್ ಉಸ್ತಾದ್. ಶಿಷ್ಯ ತಿಪ್ಪೇಶ.

ಈ ಕಥೆ ಆಶ್ರಮದ ಗುರುಗಳದ್ದಲ್ಲ.

ಅಂದು ಬೆಳಿಗ್ಗೆ ಆಶ್ರಮದ ದೊಡ್ಡ ಕಾರು ಗ್ಯಾರೇಜಿಗೆ ಬಂತು. ಮುಂಭಾಗ ನೆಟ್ಟಗಿತ್ತು. ಹಿಂಭಾಗ ನೆಲಕ್ಕೆ ಕೂತುಬಿಟ್ಟಿತ್ತು. ಆ ಕಾರಿನ ಹಿಂದೆ ಕಬ್ಬಿಣದ ಸ್ಪ್ರಿಂಗ್ ಇಲ್ಲ. ಎರಡು ರಬ್ಬರ್ ಚೀಲಗಳಿವೆ. ಒಂದು ಪಂಪು ಅವಕ್ಕೆ ಗಾಳಿ ತುಂಬುತ್ತದೆ. ಗಾಳಿ ಇದ್ದರೆ ಕಾರು ಎದ್ದು ನಿಲ್ಲುತ್ತದೆ.

ಡ್ರೈವರ್ ಪರಸಪ್ಪ ಇಳಿದು ಕೀಯನ್ನು ಉಸ್ತಾದರ ಕೈಗೆ ಕೊಟ್ಟ. ಉಸ್ತಾದ್ ಅದನ್ನು ಗೋಡೆಯ ಮೊಳೆಗೆ ತೂಗುಹಾಕಿದರು. ಕೀ ಯಾವ ಕೈಯಿಂದ ಬಂತೋ ಅದೇ ಕೈಗೆ ಮರಳಬೇಕು. ಮಾಲೀಕನೇ ಬಂದು ಕೇಳಿದರೂ ಅಷ್ಟೆ. ಆ ಗ್ಯಾರೇಜಿನಲ್ಲಿ ಇದ್ದದ್ದು ಅದೊಂದೇ ಕಾನೂನು.

ಪರಸಪ್ಪ ಹೊರಗೆ ಹಳೇ ಟೈರಿನ ಮೇಲೆ ಕೂತ. ಟೀ ಕೊಟ್ಟರೆ ಕುಡಿಯಲಿಲ್ಲ.

"ಏನಾಯ್ತು ಪರಸಪ್ಪ?"

"ಸಂಜೆಯೊಳಗೆ ಆಶ್ರಮದ ರೂಮು ಖಾಲಿ ಮಾಡು ಅಂದಾರೆ ಉಸ್ತಾದ್. ಕಾರು ಬಿಟ್ಟು ಬಾ, ಅದೇ ನಿನ್ನ ಕೊನೇ ಕೆಲಸ ಅಂದ್ರು. ಹೊಸ ಡ್ರೈವರ್ ಬರ್ತಾನಂತೆ."

"ಯಾಕೆ?"

"ಕಾರಲ್ಲಿ ನಾನು ಬಾಡಿಗೆ ಮಾಲು ಹೇರ್ತೀನಂತೆ. ಅದಕ್ಕೇ ಪಂಪು ಸುಟ್ಟೋಯ್ತಂತೆ. ಯಾರು ಹೇಳಿದ್ರೋ ಗೊತ್ತಿಲ್ಲ." ಪರಸಪ್ಪ ಟೀ ಲೋಟವನ್ನು ಕೈಯಲ್ಲೇ ತಿರುಗಿಸಿದ. "ಮಗಳು ಓದೋದು ಆಶ್ರಮದ ಸ್ಕೂಲಲ್ಲೇ. ಬರೋ ವಾರ ಹತ್ತನೇ ಕ್ಲಾಸ್ ಪರೀಕ್ಷೆ."

ಒಳಗೆ ತಿಪ್ಪೇಶನ ಕೈಯಲ್ಲಿ ಸ್ಪ್ಯಾನರ್ ನಿಂತಿತು.

ಹೇಳಿದವನು ಅವನೇ.

ಉಸ್ತಾದ್ ನೆಂಟರ ಮದುವೆಗೆ ಹೋಗಿದ್ದಾಗ ಇದೇ ಕಾರು ಬಂದಿತ್ತು. ಪಂಪು ಸುಟ್ಟುಹೋಗಿತ್ತು. ತಿಪ್ಪೇಶ ಹೊಸದನ್ನು ಹಾಕಿದ. ಆಶ್ರಮದ ಮ್ಯಾನೇಜರ್ ಗುರುಪಾದಯ್ಯ ಫೋನ್ ಮಾಡಿ, ಯಾಕೆ ಸುಟ್ಟುಹೋಯಿತು ಎಂದು ಕೇಳಿದರು. ತಿಪ್ಪೇಶನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು. ಹಿಂದೆ ಭಾರ ಜಾಸ್ತಿ ಹೇರಿರಬೇಕು ಎಂದುಬಿಟ್ಟ.

ಮೇಲಿನವನು ಕೇಳಿದಾಗ ಕೆಳಗಿನವನ ಮೇಲೆ ಹಾಕುವುದು ಸುಲಭ. ಕೇಳುವವನಿಗೂ ಬೇಕಾಗಿರುವುದು ಅದೇ.

"ಉಸ್ತಾದ್," ಎಂದ ತಿಪ್ಪೇಶ. "ಹೊಸ ಪಂಪೂ ಕೆಟ್ಟೈತೆ. ಮುಟ್ಟಿದ್ರೆ ಸುಡ್ತೈತೆ. ಬದಲಾಯಿಸಿ ಕಳಿಸಿಬಿಡಾಣ."

ಉಸ್ತಾದ್ ಗೋಡೆಯಿಂದ ಒಂದು ಸೈಕಲ್ ಟ್ಯೂಬನ್ನು ತೆಗೆದು, ಕೈಪಂಪಿನ ಜೊತೆ ಅವನ ಮುಂದಿಟ್ಟರು.

"ಇದಕ್ಕೆ ಗಾಳಿ ಹೊಡಿ. ಗಟ್ಟಿಯಾಗಿರಬೇಕು. ಮೆತ್ತಗಾಗೋಕೆ ಬಿಡಬೇಡ."

ತಿಪ್ಪೇಶ ಹೊಡೆದ. ಟ್ಯೂಬು ಉಬ್ಬಿತು. ಕೈ ಬಿಟ್ಟ. ಮೆತ್ತಗಾಯಿತು. ಮತ್ತೆ ಹೊಡೆದ. ಅಂಗಿ ಬೆನ್ನಿಗೆ ಅಂಟಿತು.

ಹೊರಗೆ ಪರಸಪ್ಪನ ಫೋನ್ ಬಡಿದುಕೊಂಡಿತು. "ಪಾತ್ರೆ ಕಟ್ಟಬೇಡ ಕಣೇ. ಇನ್ನೂ ಸ್ವಲ್ಪ ತಡಿ," ಎನ್ನುತ್ತಿದ್ದ ಪರಸಪ್ಪ.

"ಉಸ್ತಾದ್, ಕೈ ಸೋತುಹೋಯ್ತು."

"ಹಂಗಾದ್ರೆ ನೀನು ಕೆಟ್ಟಿದೀಯ. ನಿನ್ನ ಬದಲಾಯಿಸಿಬಿಡಾಣ."

"ಟ್ಯೂಬು ತೂತು ಐತೆ ಉಸ್ತಾದ್. ಅದಕ್ಕೆ ನಾನೇನು ಮಾಡ್ಲಿ?"

ಉಸ್ತಾದ್ ಕಾರಿನ ಕಡೆ ನೋಡಿದರು.

ತಿಪ್ಪೇಶ ಕೈಪಂಪನ್ನು ಕೆಳಗಿಟ್ಟ. ಬಕೆಟಿನಲ್ಲಿ ಸೋಪಿನ ನೀರು ಕಲಸಿದ. ಕಾರನ್ನು ಜಾಕಿನಿಂದ ಎತ್ತಿ, ಪೈಪು, ಜಾಯಿಂಟು, ಚೀಲ ಎಲ್ಲಕ್ಕೂ ನೀರು ಬಳಿದ. ಸೋರುವ ಜಾಗದಲ್ಲಿ ಗುಳ್ಳೆ ಏಳಬೇಕು. ಎಲ್ಲೂ ಏಳಲಿಲ್ಲ.

"ಎಲ್ಲೂ ಸೋರ್ತಿಲ್ಲ ಉಸ್ತಾದ್." ಹೊತ್ತು ಏರುತ್ತಿತ್ತು.

"ಪರಸಪ್ಪ, ಕಾರು ಯಾವಾಗ ಕೂರುತ್ತೆ?"

"ನೆಲದ ಮೇಲೆ ನಿಲ್ಲಿಸಿದಾಗ."

"ತಿಪ್ಪೇಶ, ನೀನು ನೋಡಿದಾಗ ಎಲ್ಲಿತ್ತು?"

"ಜಾಕ್ ಮೇಲೆ."

"ಮೂಟೆ ಹೊತ್ತಾಗ ನೋಯೋನನ್ನ, ಮೂಟೆ ಇಳಿಸಿ, ಎಲ್ಲಪ್ಪಾ ನೋವು ಅಂತ ಕೇಳಿದೀಯ."

ಗಾಡಿಯ ಕೆಳಗೆ ಇಳಿದು ಕೆಲಸ ಮಾಡಲು ನೆಲದಲ್ಲಿ ತೋಡಿದ್ದ ಗುಂಡಿಯ ಮೇಲೆ ಕಾರನ್ನು ತಂದು ನಿಲ್ಲಿಸಿದರು. ತಿಪ್ಪೇಶ ಗುಂಡಿಗೆ ಧುಮುಕಲು ಹೊರಟ. ಉಸ್ತಾದ್ ಅವನ ಕಾಲರ್ ಹಿಡಿದು ನಿಲ್ಲಿಸಿದರು. ಕಾರಿನ ಮೈಗೂ ಹಿಂದಿನ ಚಕ್ರಗಳ ಅಚ್ಚಿಗೂ ನಡುವೆ ಎರಡು ಮರದ ದಿಮ್ಮಿ ಇಟ್ಟರು.

"ಗಾಳಿ ನಂಬಿ ತಲೆ ಕೊಡಬೇಡ."

ಎಂಜಿನ್ ಶುರುವಾಯಿತು. ಪಂಪು ಗುರ್ರೆಂದಿತು. ಹಿಂಭಾಗ ಮೆಲ್ಲಗೆ ಎದ್ದಿತು. ಉಸ್ತಾದ್ ಎಂಜಿನ್ ಆರಿಸಿದ ಮೇಲೆ ತಿಪ್ಪೇಶ ಸೋಪಿನ ನೀರು ಹಿಡಿದು ಗುಂಡಿಗೆ ಇಳಿದು, ಚೀಲಗಳಿಗೆ ಮತ್ತೆ ಬಳಿದ.

ಗುಂಡಿಯಲ್ಲಿ ತಿಪ್ಪೇಶನಿಗೆ ತನ್ನ ಉಸಿರೇ ಕೇಳುತ್ತಿತ್ತು. ತಲೆಯ ಮೇಲೆ ಕಾರು ತುಸುತುಸುವೇ ಇಳಿಯುತ್ತಿತ್ತು. ಇಳಿಯುವುದು ಕಾಣಲಿಲ್ಲ. ದಿಮ್ಮಿ ಕಿರುಗುಟ್ಟಿದ್ದು ಕೇಳಿಸಿತು. ಸೋಪಿನ ನೀರು ಕಣ್ಣಿಗೆ ಬಿತ್ತು. ಒರೆಸಿಕೊಂಡು ಎಡಗಡೆಯ ಚೀಲಕ್ಕೆ ಟಾರ್ಚ್ ಹಿಡಿದ. ಭಾರಕ್ಕೆ ರಬ್ಬರ್ ತನ್ನೊಳಗೇ ಮಡಿಚಿಕೊಂಡಿತ್ತು. ಆ ಮಡಿಕೆಯಿಂದ ಬಿಳಿ ನೊರೆ ಉಕ್ಕುತ್ತಿತ್ತು.

"ಸಿಕ್ತು ಉಸ್ತಾದ್. ಮಡಿಕೆಯೊಳಗೆ ಬಿರಿದೈತೆ."

"ಭಾರ ಹೇರಿದ್ದಕ್ಕಾ?"

ತಿಪ್ಪೇಶ ಬಲಗಡೆಯದನ್ನೂ ನೋಡಿದ. ಅದೇ ಜಾಗದಲ್ಲಿ ಸಣ್ಣ ಸಣ್ಣ ಗೀರು.

"ಅಲ್ಲ. ರಬ್ಬರ್ ಹಳೇದಾಗೈತೆ. ಬಲಗಡೆದೂ ಬಿರಿಯಾಕೆ ಶುರುವಾಗೈತೆ."

"ಮತ್ತೆ ಪಂಪು ಯಾಕೆ ಸುಟ್ಟೋಯ್ತು?"

"ಸೋರಿದ್ದನ್ನ ತುಂಬಿ ತುಂಬಿ."

"ಅದನ್ನ ನನಗ್ಯಾಕೆ ಹೇಳ್ತೀಯ?"

ತಿಪ್ಪೇಶ ಗುಂಡಿಯಲ್ಲೇ ತಲೆ ಎತ್ತಿ ನೋಡಿದ. "ನಿಮಗೆ ಗೊತ್ತಾ?"

"ನಾನು ಮದುವೆಗೆ ಹೋದಾಗ ಇಲ್ಲಿದ್ದೋನು ನೀನೊಬ್ಬನೇ."

ಉಸ್ತಾದ್ ಪಟ್ಟಣದ ಅಂಗಡಿಗೆ ಫೋನ್ ಮಾಡಿದರು. ಮಧ್ಯಾಹ್ನದ ಬಸ್ಸಿನಲ್ಲಿ ಕಂಡಕ್ಟರ್ ಕೈಯಲ್ಲಿ ಹೊಸ ಚೀಲಗಳು ಬಂದವು. ಚಕ್ರ ಬಿಚ್ಚಿದರು. ಹಳೆಯದನ್ನು ಕಿತ್ತರು. ಹೊಸದನ್ನು ಕೂರಿಸಿದರು. ತಿಪ್ಪೇಶ ಅವಸರದಲ್ಲಿ ಜಾಕ್ ಇಳಿಸಲು ಕೈ ಹಾಕಿದ.

ಉಸ್ತಾದ್ ಆ ಕೈ ಹಿಡಿದರು. "ಖಾಲಿ ಚೀಲದ ಮೇಲೆ ಭಾರ ಬಿಟ್ರೆ ಮಡಿಕೇಲೇ ಹರಿಯುತ್ತೆ. ಮೊದಲು ಗಾಳಿ."

"ಹೊತ್ತಾಯ್ತು ಉಸ್ತಾದ್. ಅವರು ಬಂದುಬಿಡ್ತಾರೆ."

"ಹೊತ್ತಾಗಿದ್ದು ಚೀಲಕ್ಕೆ ಗೊತ್ತಿಲ್ಲ."

ಗಾಳಿ ತುಂಬಿತು. ಕಾರು ಇಳಿಯಿತು. ಕೂರಲಿಲ್ಲ. ಪಂಪು ಸ್ವಲ್ಪ ಹೊತ್ತು ಓಡಿ ತಾನೇ ಸುಮ್ಮನಾಯಿತು.

ಅಷ್ಟರಲ್ಲಿ ಆಟೋ ಬಂತು. ಗುರುಪಾದಯ್ಯ ಇಳಿದರು. ಹಿಂದೆ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಹೊಸ ಡ್ರೈವರ್.

"ಆಯ್ತಾ? ಕೀ ಕೊಡ್ರಿ. ಸ್ವಾಮಿಗಳು ಹೊರಡೋ ಹೊತ್ತಾಯ್ತು."

ಉಸ್ತಾದ್ ಮೊಳೆಯ ಕಡೆ ಹೋಗಲಿಲ್ಲ. ತಿಪ್ಪೇಶನ ಕಡೆಯೂ ನೋಡಲಿಲ್ಲ. ಕೈ ಒರೆಸುತ್ತಾ ನಿಂತರು.

ತಿಪ್ಪೇಶ ಹರಿದ ಚೀಲವನ್ನು ಎತ್ತಿಕೊಂಡು ಬಂದ.

"ಅಯ್ನೋರೆ, ಭಾರ ಹೇರಿದ್ದು ಅಂತ ಫೋನಲ್ಲಿ ಹೇಳಿದ್ನಲ್ಲ, ಅದು ಸುಳ್ಳು. ನೋಡದೆ ಹೇಳಿದೆ. ಇದು ಹಳೇದಾಗಿ ಬಿರಿದಿತ್ತು. ಪರಸಪ್ಪಣ್ಣಂದು ಏನೂ ತಪ್ಪಿಲ್ಲ."

ಪರಸಪ್ಪ ಟೈರಿನಿಂದ ಎದ್ದ.

"ನೀನಾ?"

ತಿಪ್ಪೇಶ ಹೌದೆಂದು ತಲೆಯಾಡಿಸಿ, ಚೀಲವನ್ನು ಗುರುಪಾದಯ್ಯನವರ ಮುಂದೆ ಹಿಡಿದ.

ಗುರುಪಾದಯ್ಯ ಚೀಲವನ್ನು ಮುಟ್ಟಲಿಲ್ಲ. "ಆಗಿದ್ದು ಆಗಿಹೋಯ್ತು. ಹೊಸಬನಿಗೆ ಹೇಳಿಯಾಗಿದೆ. ಕೀ ಕೊಡ್ರಿ."

ಉಸ್ತಾದ್ ಈಗ ಮೊಳೆಯಿಂದ ಕೀ ತೆಗೆದರು. ಗುರುಪಾದಯ್ಯನವರನ್ನು ದಾಟಿ ಹೋಗಿ ಪರಸಪ್ಪನ ಅಂಗೈಯಲ್ಲಿಟ್ಟರು.

"ತಂದೋರು ಇವರು."

"ಕಾರು ಆಶ್ರಮದ್ದು, ದಸ್ತಗೀರ್."

"ಹೌದು ಅಯ್ನೋರೆ. ಇಲ್ಲಿಂದ ಹೊರಟ್ರೆ ಇವರ ಕೈಯಲ್ಲೇ ಹೊರಡುತ್ತೆ. ತಡ ಯಾಕಾಯ್ತು ಅಂತ ಸ್ವಾಮಿಗಳು ಕೇಳಿದ್ರೆ, ಆ ಚೀಲ ಹಿಡ್ಕೊಂಡು ನಾನೇ ಬಂದು ಹೇಳ್ತೀನಿ."

ಗುರುಪಾದಯ್ಯ ಗಡಿಯಾರ ನೋಡಿದರು. ಚೀಲ ನೋಡಿದರು.

"ಹತ್ತು ಪರಸಪ್ಪ."

ಪರಸಪ್ಪ ಹತ್ತಲಿಲ್ಲ. "ರೂಮಿನ ಮಾತು ಹೇಳ್ರಿ ಮೊದಲು."

ಗುರುಪಾದಯ್ಯ ಮತ್ತೆ ಗಡಿಯಾರ ನೋಡಿದರು.

"ಇರು. ಅಲ್ಲೇ ಇರು. ಹತ್ತು ಈಗ."

ಕಾರು ಹೋಯಿತು. ಹೊಸ ಡ್ರೈವರ್ ಬಸ್ ಸ್ಟ್ಯಾಂಡಿಗೆ ದಾರಿ ಯಾವುದು ಎಂದು ಕೇಳಿದ. ತಿಪ್ಪೇಶ ತೋರಿಸಿದ. ಬಿಳಿ ಅಂಗಿ ಧೂಳಿನಲ್ಲಿ ನಡೆದು ಹೋಗುವುದನ್ನು ನೋಡುತ್ತಾ ನಿಂತ.

"ಪರಸಪ್ಪಣ್ಣ ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ ಉಸ್ತಾದ್."

"ನೋಡಲ್ಲ."

"ನಾನು ಆಡಿದ್ದು ಒಂದೇ ಒಂದು ಮಾತು."

ನೆಲದಲ್ಲಿ ಸೈಕಲ್ ಟ್ಯೂಬು ಬಿದ್ದಿತ್ತು. ಬೆಳಿಗ್ಗೆ ಅಷ್ಟು ಹೊಡೆದ ಗಾಳಿ ಒಂದಿಷ್ಟೂ ಉಳಿದಿರಲಿಲ್ಲ. ಉಸ್ತಾದ್ ಅದನ್ನು ಎತ್ತಿ ಶಿಷ್ಯನ ಕೈಯಲ್ಲಿಟ್ಟರು.

"ಇದರಲ್ಲಿರೋದೂ ಒಂದೇ ತೂತು."