ಮಾವು ಚಿಗುರಲಿ ಎಂದ ಕೋಗಿಲೆ

ಕಾಡಿನ ಸಂಗೀತ ಕಾಲೇಜಿಗೆ ಸೇರಲು ಹಾಡುಗಾರಿಕೆ ಪರೀಕ್ಷೆಯ ಅಂಕಪಟ್ಟಿ ಬೇಕಿತ್ತು. ಪರೀಕ್ಷೆ ದಸರೆಗೊಮ್ಮೆ, ಸಂಕ್ರಾಂತಿಗೊಮ್ಮೆ, ಯುಗಾದಿಗೊಮ್ಮೆ ನಡೆಯುತ್ತಿತ್ತು. ಅರ್ಜಿ ಹಾಕಲು ಮಾತ್ರ ಶಿವರಾತ್ರಿಯೇ ಕೊನೆಯ ದಿನ.

ಕಾಗೆ ದಸರೆಯಲ್ಲೇ ಹಾಡಿ ಫೇಲಾಯಿತು. ಸಂಕ್ರಾಂತಿಗೆ ಮತ್ತೆ ಹೊರಟಾಗ ಕೋಗಿಲೆಯನ್ನೂ ಕರೆಯಿತು.

"ಈ ಚಳಿಯಲ್ಲಿ ಹಾಡುವುದೇ? ಮಾವು ಚಿಗುರದೆ ನನ್ನ ಕಂಠ ತೆರೆಯುವುದಿಲ್ಲ. ಯುಗಾದಿಗೆ ಹಾಡುತ್ತೇನೆ. ನಿನ್ನ ಹಾಗೆ ಪಾಸಾದರೆ ಸಾಕು ಎನ್ನುವ ಪೈಕಿ ನಾನಲ್ಲ" ಎಂದಿತು ಕೋಗಿಲೆ.

"ಅಷ್ಟರಲ್ಲಿ ಅರ್ಜಿ ಮುಗಿದಿರುತ್ತದಲ್ಲ?"

"ನನ್ನ ಅಂಕ ನೋಡಿದರೆ ಅವರೇ ಬಾಗಿಲು ತೆರೆಯುತ್ತಾರೆ."

ಕಾಗೆಗೆ ಸರಿಯಾಗಿ ಮೂವತ್ತೈದು ಅಂಕ ಬಂತು. ಅಂದೇ ಅರ್ಜಿ ಹಾಕಿತು.

ಯುಗಾದಿಯಲ್ಲಿ ಕೋಗಿಲೆಗೆ ನೂರಕ್ಕೆ ನೂರು ಬಂತು. ಅಂಕಪಟ್ಟಿ ಕಚ್ಚಿಕೊಂಡು ಕಾಲೇಜಿಗೆ ಹಾರಿದರೆ, ಗುಮಾಸ್ತ ಗೂಬೆ ಕಣ್ಣು ಬಿಟ್ಟೂ ನೋಡಲಿಲ್ಲ.

"ನೂರಕ್ಕೆ ನೂರು, ಸ್ವಾಮಿ!"

"ಇಲ್ಲಿ ಅರ್ಜಿ ಕೊಟ್ಟವರ ಅಂಕ ಮಾತ್ರ ನೋಡುವುದು. ಮುಂದಿನ ವರ್ಷ ಬನ್ನಿ."

ಆ ವರ್ಷವೂ ಕೋಗಿಲೆ ವಾಡಿಕೆಯಂತೆ ಕಾಗೆಯ ಗೂಡಿನಲ್ಲೇ ಮೊಟ್ಟೆ ಇಟ್ಟಿತು. ಹುಟ್ಟಿದ ಮರಿ ಈಗ ದಿನವೂ ಬೆಳಿಗ್ಗೆ, ಕಾಲೇಜು ಸೇರಿದ ಕಾಗೆಯ ಮುಂದೆ ಕೂತು, ಶ್ರುತಿ ತಪ್ಪದೆ "ಕಾ, ಕಾ" ಎಂದು ಅಭ್ಯಾಸ ಮಾಡುತ್ತಿದೆ.